ಕ್ವಾಂಟಮ್ ಡಾಟ್‌ನಲ್ಲಿ ಕರೆಂಟ್ ಬಿಟ್ಟು ಬಿಟ್ಟು ಹರಿಯುವುದು ಯಾಕೆ?

ಕ್ವಾಂಟಮ್ ಡಾಟ್ ಅಂದರೆ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕುವ ಅತಿ ಪುಟ್ಟ ಕೋಣೆ. ಎಲೆಕ್ಟ್ರಾನ್ ಹೇಗೂ ಟನೆಲಿಂಗ್ ಮಾಡಿ, ಅಂದರೆ ತಡೆಯ ಒಳಗಿಂದಲೇ ತೂರಿ, ಅದರ ಗೋಡೆ ದಾಟುತ್ತದೆ, ಹಾಗಿದ್ದ ಮೇಲೆ ಗೇಟ್ ವೋಲ್ಟೇಜ್ (ಡಾಟ್‌ನ ಪಕ್ಕದ ಎಲೆಕ್ಟ್ರೋಡ್‌ಗೆ ಕೊಡುವ ವೋಲ್ಟೇಜ್) ಏರಿಸುತ್ತಾ ಹೋದರೆ ಕರೆಂಟ್ ಒಮ್ಮೆ ಹರಿದು ಒಮ್ಮೆ ನಿಲ್ಲುವುದು ಯಾಕೆ ಅಂತ ಕೇಳಿದ್ದೀರಿ. ಅದಕ್ಕೆ ಕಾರಣ ಟನೆಲಿಂಗ್ ಅಲ್ಲ, ಎಲೆಕ್ಟ್ರಾನ್‌ಗಳ ನಡುವಿನ ವಿಕರ್ಷಣೆ.

ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಮಾಡಿದ ಡಾಟ್ ಒಂದನ್ನು ತಗೊಳ್ಳಿ. ಅದರ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) 100 ಅಟೋಫ್ಯಾರಡ್ ಅಂತಿಟ್ಟುಕೊಳ್ಳೋಣ. ಆಗ ಒಳಗೆ ಬರುವ ಪ್ರತಿ ಎಲೆಕ್ಟ್ರಾನೂ ಹಿಂದಿನದಕ್ಕಿಂತ 1.6 ಮಿಲಿ ಎಲೆಕ್ಟ್ರಾನ್ ವೋಲ್ಟ್ ಜಾಸ್ತಿ ಶಕ್ತಿ ತರಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಗೋಡೆ ಎಷ್ಟೇ ತೆಳುವಾಗಿದ್ದರೂ ಒಳಗೆ ಜಾಗ ಇಲ್ಲ. ಇದೇ ಕೂಲಂಬ್ ಬ್ಲಾಕೇಡ್. ಗೇಟ್ ವೋಲ್ಟೇಜ್ ಈ ಬೆಲೆಯನ್ನು ನಿಧಾನಕ್ಕೆ ಇಳಿಸುತ್ತದೆ. ಒಂದು ಕಡೆ ಬಂದಾಗ ಡಾಟ್‌ನಲ್ಲಿ 20 ಎಲೆಕ್ಟ್ರಾನ್ ಇದ್ದರೂ ಒಂದೇ, 21 ಇದ್ದರೂ ಒಂದೇ ಅನ್ನುವ ಸ್ಥಿತಿ. ಆಗ ಒಂದು ಒಳಗೆ, ಒಂದು ಹೊರಗೆ, ಕರೆಂಟ್ ಹರಿಯುತ್ತದೆ. ಇನ್ನೂ ಏರಿಸಿದರೆ 21ಕ್ಕೇ ಗಟ್ಟಿಯಾಗಿ ನಿಂತುಬಿಡುತ್ತದೆ, ಕರೆಂಟ್ ಬಂದ್.

ಗೋಡೆಯ ಪಾತ್ರ ಬೇರೆ. ಅದರ ರೆಸಿಸ್ಟೆನ್ಸ್ ಸುಮಾರು 25.8 ಕಿಲೋ ಓಮ್‌ಗಿಂತ ಸಾಕಷ್ಟು ಜಾಸ್ತಿ ಇರಬೇಕು. ಇಲ್ಲದಿದ್ದರೆ ಎಲೆಕ್ಟ್ರಾನ್ ಒಳಗಿದೆಯೋ ಹೊರಗಿದೆಯೋ ಅನ್ನುವ ಲೆಕ್ಕವೇ ಕಲಸಿಹೋಗುತ್ತದೆ.

ಇನ್ನು ತಣ್ಣಗೆ ಮಾಡುವ ವಿಷಯ. ಕೋಣೆಯ ಬಿಸಿಯಲ್ಲೇ ಎಲೆಕ್ಟ್ರಾನ್‌ಗೆ ಸುಮಾರು 26 ಮಿಲಿ ಎಲೆಕ್ಟ್ರಾನ್ ವೋಲ್ಟ್ ಪುಕ್ಕಟೆ ಸಿಗುತ್ತದೆ. ಅದರ ಮುಂದೆ 1.6 ಯಾವ ಲೆಕ್ಕ? ದ್ರವ ಹೀಲಿಯಂನ 4.2 ಕೆಲ್ವಿನ್‌ನಲ್ಲಿ ಇದು 0.36ಕ್ಕೆ ಇಳಿಯುತ್ತದೆ, ಕರೆಂಟ್ ಹರಿದ ಕಡೆಯೆಲ್ಲ ಗ್ರಾಫ್‌ನಲ್ಲಿ ಶಿಖರಗಳು ಕಾಣುತ್ತವೆ, ಆದರೆ ಮೊಂಡಾಗಿ. ಚೂಪಾಗಿ ಬೇಕಾದರೆ ಡೈಲ್ಯೂಷನ್ ಫ್ರಿಜ್‌ಗೇ (ಮಿಲಿಕೆಲ್ವಿನ್ ಮಟ್ಟಕ್ಕೆ ತಣ್ಣಗೆ ಮಾಡುವ ಯಂತ್ರ) ಹೋಗಬೇಕು. ಅಲ್ಲೂ ಥರ್ಮಾಮೀಟರ್ 20 ಮಿಲಿಕೆಲ್ವಿನ್ ತೋರಿಸಿತು ಅಂತ ಸುಮ್ನೆ ನಂಬಬೇಡಿ. ಹೊರಗಿನಿಂದ ಬರುವ ತಂತಿಗಳಲ್ಲಿ ಸರಿಯಾದ ಫಿಲ್ಟರ್ ಇಲ್ಲದಿದ್ದರೆ ನಾಯ್ಸ್ ಎಲೆಕ್ಟ್ರಾನ್‌ಗಳನ್ನು ಬಿಸಿಯಾಗಿಯೇ ಇಡುತ್ತದೆ. ಫ್ರಿಜ್ ತಣ್ಣಗಿರುವುದೇ ಬೇರೆ, ಎಲೆಕ್ಟ್ರಾನ್ ತಣ್ಣಗಾಗುವುದೇ ಬೇರೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಶಿಖರಗಳ ನಡುವಿನ ಅಂತರ. ದೊಡ್ಡ ಡಾಟ್‌ನಲ್ಲಿ ಅದು ಹೆಚ್ಚುಕಡಿಮೆ ಸಮ. ಆದರೆ 1996ರಲ್ಲಿ ಭೌತವಿಜ್ಞಾನಿಗಳಾದ ತರೂಚಾ, ಕೌವೆನ್‌ಹೋವೆನ್ ಮತ್ತು ಜೊತೆಗಾರರು ಬಿಲ್ಲೆಯಾಕಾರದ ಪುಟ್ಟ ಡಾಟ್ ಅಳೆದಾಗ 2, 6, 12 ಎಲೆಕ್ಟ್ರಾನ್ ತುಂಬಿದ ಮೇಲೆ ಅಂತರ ಎದ್ದು ಕಾಣುವಷ್ಟು ಹಿಗ್ಗಿತ್ತು. ಪರಮಾಣುವಿನ ಶೆಲ್‌ಗಳ ಹಾಗೇ ಅಲ್ವಾ?

ಅಳೆಯುವಾಗ ನಿಮ್ಮ ಶಿಖರ ನಡುವೆಯೇ ಪಕ್ಕಕ್ಕೆ ಜಿಗಿದರೆ ಗಾಬರಿ ಬೇಡ. ಹತ್ತಿರದ ಯಾವುದೋ ದೋಷದಲ್ಲಿ ಸಿಕ್ಕಿಕೊಂಡ ಚಾರ್ಜ್ ಜಾಗ ಬದಲಿಸಿರುತ್ತದೆ. ಅದೇ ಸ್ವೀಪ್ (ಗೇಟ್ ವೋಲ್ಟೇಜ್ ಏರಿಸುತ್ತಾ ಅಳೆಯುವುದು) ಇನ್ನೊಮ್ಮೆ ಓಡಿಸಿ ನೋಡಿ.