ಯುವಜನರ ಹವಾಮಾನ ಹೋರಾಟದಿಂದ ನಿಜಕ್ಕೂ ಏನಾದರೂ ಬದಲಾಗಿದೆಯೇ?

ಬದಲಾಗಿದೆ, ಮೆರವಣಿಗೆಗಳಿಗಿಂತ ಹೆಚ್ಚಾಗಿ ನ್ಯಾಯಾಲಯಗಳ ಮೂಲಕ. ಜರ್ಮನಿಯಲ್ಲಿ ಯುವಜನರೂ ಸೇರಿ ಹೂಡಿದ ದಾವೆಯಲ್ಲಿ, ಹವಾಮಾನ ಕಾಯ್ದೆಯ ಒಂದು ಭಾಗ ಸಂವಿಧಾನಬಾಹಿರ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಜರ್ಮನಿಯ ನಿವ್ವಳ ಶೂನ್ಯ ಹೊರಸೂಸುವಿಕೆಯ (ಹೊರಬಿಡುವಷ್ಟೇ ಹಸಿರುಮನೆ ಅನಿಲಗಳನ್ನು ವಾತಾವರಣದಿಂದ ಹೀರಿಕೊಳ್ಳುವ ಸ್ಥಿತಿ) ಗುರಿ 2050ರ ಬದಲು 2045 ಆಯಿತು.

ಇನ್ನೂ ದೊಡ್ಡದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳ ಸಾಧನೆ. ಹವಾಮಾನದ ವಿಷಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಬೇಕೆಂದು 2019ರಲ್ಲಿ ಅವರು ಎತ್ತಿದ ಬೇಡಿಕೆಯನ್ನು ಅಲ್ಲಿನ ಪುಟ್ಟ ದ್ವೀಪರಾಷ್ಟ್ರ ವನುವಾಟುವಿನ ಸರ್ಕಾರ ವಿಶ್ವಸಂಸ್ಥೆಗೆ ಒಯ್ದಿತು. ವಿಶ್ವಸಂಸ್ಥೆ ಕೇಳಿದ ಪ್ರಶ್ನೆಗೆ ಉತ್ತರವಾಗಿ, ಹವಾಮಾನವನ್ನು ರಕ್ಷಿಸುವುದು ರಾಷ್ಟ್ರಗಳ ಕಾನೂನಾತ್ಮಕ ಹೊಣೆ ಎಂದು ಆ ನ್ಯಾಯಾಲಯ 2025ರ ಜುಲೈನಲ್ಲಿ ಹೇಳಿತು. ಅದು ಸಲಹಾ ಅಭಿಪ್ರಾಯ, ಪಾಲನೆ ಕಡ್ಡಾಯವಲ್ಲ.

ಇಷ್ಟೆಲ್ಲ ಆದರೂ ಜಗತ್ತಿನ ಒಟ್ಟು ಹೊರಸೂಸುವಿಕೆ ಇಳಿದಿಲ್ಲವಲ್ಲ ಎಂಬ ಟೀಕೆ ಸರಿಯೇ. ಆದರೆ ಹಲವರಿಗೆ ಮತದಾನದ ಹಕ್ಕೂ ಇಲ್ಲದ ಈ ಯುವಜನರ ಮೇಲೆ ಆ ಹೊಣೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಗಣಿ, ವಿದ್ಯುತ್ ಸ್ಥಾವರ, ಬಜೆಟ್ ಯಾವುದೂ ಅವರ ಕೈಯಲ್ಲಿಲ್ಲ.