ಬಣವೆಯ ಬೆಂಕಿಗೆ ಸಿಕ್ಕ ಬೈಕು: ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಗುಜರಿಗೆ ಬಿಡುವುದು?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಕಳೆದ ವಾರ ರಾತ್ರಿ ಮನೆಯ ಹಿಂದಿನ ಭತ್ತದ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು, ಪಕ್ಕದಲ್ಲಿ ನಿಲ್ಲಿಸಿದ್ದ 100 ಸಿಸಿಯ ಹಳೆಯ ಬೈಕು ಸುಟ್ಟಿತು. ಸೀಟು, ವೈರಿಂಗ್, ಹಿಂದಿನ ಟೈರು ಪೂರ್ತಿ ಹೋಗಿವೆ. ಕಾರ್ಬೊರೇಟರ್ ಕರಗಿ ಗಡ್ಡೆಯಾಗಿದೆ. ಊರವರು ಮಣ್ಣು ಎರಚಿ, ಪಂಪ್‌ಸೆಟ್ ಹಚ್ಚಿ ನೀರು ಹೊಡೆದು ಆರಿಸಿದರು. ಮುಂದಿನ ಚಕ್ರಕ್ಕೆ ಮಸಿ ಹತ್ತಿದ್ದು ಬಿಟ್ಟರೆ ಏನೂ ಆದಂತೆ ಕಾಣುವುದಿಲ್ಲ. ಕಿಕ್ಕರ್ ತುಳಿದರೆ ಇಂಜಿನ್ ತಿರುಗುತ್ತದೆ. ತಮ್ಮನ ಬಳಿ ಇದೇ ಮಾದರಿಯ ಇನ್ನೊಂದು ಬೈಕು ಇರುವುದರಿಂದ ಇದರಲ್ಲಿ ಉಳಿದ ಒಳ್ಳೆಯ ಭಾಗಗಳನ್ನು ಅದಕ್ಕೆ ಹಾಕಿಸಬೇಕೆಂದಿದ್ದೇವೆ. ವಿಮೆ ಥರ್ಡ್ ಪಾರ್ಟಿ ಮಾತ್ರ ಇದೆ. ಗುಜರಿಯವರು ಇಡೀ ಗಾಡಿಯನ್ನು ತೂಕಕ್ಕೆ ಕೇಳುತ್ತಿದ್ದಾರೆ. ಏನು ಮಾಡುವುದು ಲೇಸು?

ಉತ್ತರ: ಯಾವ ಭಾಗ ಒಳ್ಳೆಯದು ಎಂದು ನೋಡುವುದಕ್ಕಿಂತ ಮೊದಲು ಇವತ್ತೇ ಮಾಡಬೇಕಾದ ಕೆಲಸವೊಂದಿದೆ, ಏಕೆಂದರೆ ಬೆಂಕಿ ಆರಿದ ಮೇಲೂ ಗಾಡಿ ಹಾಳಾಗುತ್ತಲೇ ಇರುತ್ತದೆ. ವೈರಿಂಗಿನ ಮೇಲಿನ ಪಿವಿಸಿ ಹೊದಿಕೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬೀಳುತ್ತದೆ. ಅದು ಮಸಿಯೊಂದಿಗೆ ಎಲ್ಲ ಲೋಹದ ಮೇಲೂ ಕೂತು, ನೀರಿನ ಪಸೆ ತಗುಲಿದೊಡನೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ನಿಮ್ಮ ಗಾಡಿಗೆ ನೀರನ್ನೂ ಹೊಡೆದಿದ್ದಾರೆ, ವಾರವೂ ಕಳೆದಿದೆ, ಹಾಗಾಗಿ ಉಕ್ಕಿನ ಭಾಗಗಳ ಮೇಲೆ ಆಗಲೇ ಕೆಂಪು ತುಕ್ಕು ಏಳಲು ಶುರುವಾಗಿರಬೇಕು. ಬಕೆಟ್ ನೀರಿಗೆ ಒಂದೆರಡು ಹಿಡಿ ಅಡುಗೆ ಸೋಡಾ ಕಲಸಿ ಗಾಡಿಯನ್ನು ಮೆತ್ತನೆಯ ಬ್ರಷ್‌ನಿಂದ ತೊಳೆದು, ಮತ್ತೆ ಬರೀ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ತೆಳ್ಳಗೆ ಆಯಿಲ್ ಸವರಿ. ಬಟ್ಟೆ ಸೋಡಾ ಮಾತ್ರ ಬೇಡ, ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತೊಳೆಯುವ ಮುನ್ನ ಕರಗಿದ ಕಾರ್ಬೊರೇಟರಿನ ಹಿಂದೆ ತೆರೆದುಕೊಂಡಿರುವ ರಂಧ್ರವನ್ನೂ ಸೈಲೆನ್ಸರಿನ ಬಾಯನ್ನೂ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ.

ತೊಳೆಯುವವರು ದಪ್ಪ ರಬ್ಬರ್ ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಬೇಕು. ವಾಹನಗಳ ಕೆಲವು ಸೀಲುಗಳನ್ನು ಫ್ಲೋರಿನ್ ಇರುವ ರಬ್ಬರಿನಿಂದ ಮಾಡಿರುತ್ತಾರೆ. ಅದು ಸುಟ್ಟ ಜಾಗದಲ್ಲಿ ಉಳಿಯುವ ಕಪ್ಪು ಅಂಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುವ ಸಾಧ್ಯತೆಯಿದೆ. ಆ ಆಮ್ಲ ತಗುಲಿದ ತಕ್ಷಣ ಉರಿಯದೆ ಗಂಟೆಗಟ್ಟಲೆ ಬಿಟ್ಟು ಒಳಗಿನ ಮಾಂಸವನ್ನು ತಿನ್ನಬಲ್ಲದು. ಅಂಥ ಅಂಟನ್ನು ಕಡ್ಡಿಯಿಂದ ಕೆರೆಯಿರಿ. ಮೈಗೆ ತಗುಲಿದರೆ ನೋವಿಲ್ಲದಿದ್ದರೂ ಧಾರಾಳವಾಗಿ ನೀರು ಹಾಕಿ ತೊಳೆದು ವೈದ್ಯರಲ್ಲಿಗೆ ಹೋಗಿ.

ಇನ್ನು ಮುಖ್ಯ ವಿಷಯ. ಸುಟ್ಟ ಗಾಡಿಯಲ್ಲಿ ಒಂದು ಭಾಗ ಕಪ್ಪಾಗಿದೆಯೋ ಬೆಳ್ಳಗಿದೆಯೋ ಎಂಬುದರಿಂದ ಏನೂ ತಿಳಿಯುವುದಿಲ್ಲ. ಆ ಭಾಗಕ್ಕೆ ಎಷ್ಟು ಕಾವು ತಗುಲಿತ್ತು ಎಂಬುದೇ ಪ್ರಶ್ನೆ. ಅದನ್ನು ಅಳೆಯುವ ಗುರುತುಗಳು ಗಾಡಿಯಲ್ಲಿಯೇ ಇರುತ್ತವೆ. ಇಂಡಿಕೇಟರ್, ಹೆಡ್‌ಲೈಟ್ ಡೂಮಿನಂಥ ಪ್ಲಾಸ್ಟಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಸೊಟ್ಟಗಾಗತೊಡಗುತ್ತದೆ, ನೈಲಾನ್ 220ರ ಸುಮಾರಿಗೆ ಕರಗುತ್ತದೆ. ಕಾರ್ಬೊರೇಟರಿನ ಮೈ ಸತುವಿನ ಮಿಶ್ರಲೋಹದ್ದಾದರೆ 380–390ಕ್ಕೆ, ಅಲ್ಯೂಮಿನಿಯಂ ಮಿಶ್ರಲೋಹದ್ದಾದರೆ 500 ದಾಟಿದ ಮೇಲೆ ನೀರಾಗುತ್ತದೆ. ಅಂದರೆ ನಿಮ್ಮ ಗಾಡಿಯ ನಡುಭಾಗ ಏನಿಲ್ಲವೆಂದರೂ 380 ಡಿಗ್ರಿ ಕಂಡಿದೆ. ಅದೇ ಹೊತ್ತಿನಲ್ಲಿ ಮುಂದಿನ ಚಕ್ರದ ಹತ್ತಿರ ಇಳಿಯುವ ಸ್ಪೀಡೋಮೀಟರ್ ಕೇಬಲ್ಲಿನ ಪ್ಲಾಸ್ಟಿಕ್ ಕವಚ ಮೆತ್ತಗಾಗದೆ ಉಳಿದಿದ್ದರೆ ಅಲ್ಲಿನ ಹಬ್, ರಿಮ್, ಕಡ್ಡಿಗಳು, ಆ್ಯಕ್ಸಲ್ ಇವೆಲ್ಲ ನಿಶ್ಚಿಂತೆಯಾಗಿ ಬಳಸುವಂಥವು ಎಂದೇ ನನ್ನ ಅಭಿಪ್ರಾಯ. ಟೈರು, ಟ್ಯೂಬು, ಬ್ರೇಕ್ ಶೂಗಳನ್ನು ಮಾತ್ರ ಹೊಸದಾಗಿ ತರಿಸಿ. ಶೂಗಳ ಲೈನಿಂಗನ್ನು ಅಂಟಿನಿಂದ ಕೂಡಿಸಿರುತ್ತಾರೆ, ಕಾವು ತಗುಲಿದ ಅಂಟಿನ ಮೇಲೆ ಭರವಸೆ ಇಡುವಂತಿಲ್ಲ. ಹಿಂದಿನ ಚಕ್ರದ ಟೈರೇ ಹೊತ್ತಿ ಉರಿದಿರುವುದರಿಂದ ಹಬ್ಬು ಸಮೇತ ಇಡೀ ಚಕ್ರವನ್ನು ಗುಜರಿಗೆ ಬಿಡಿ.

ಇಂಜಿನ್ ತಿರುಗುತ್ತಿರುವುದು ಒಳ್ಳೆಯ ಲಕ್ಷಣ, ಆದರೆ ದಯವಿಟ್ಟು ಮತ್ತೆ ತುಳಿಯಬೇಡಿ. ಎರಚಿದ ಮಣ್ಣು ಕಾರ್ಬೊರೇಟರ್ ಇದ್ದ ದಾರಿಯಿಂದ ಒಳಗೆ ಹೋಗಿದ್ದರೆ ಪ್ರತಿ ತುಳಿತಕ್ಕೂ ಪಿಸ್ಟನ್ ಆಡುವ ಬೋರು (ಸಿಲಿಂಡರ್) ಗೀರಾಗುತ್ತದೆ. ಮೊದಲು ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲನ್ನು ಬಿಳಿಯ ಬಟ್ಟೆಯೊಂದರ ಮೂಲಕ ತಟ್ಟೆಗೆ ಇಳಿಸಿ. ಹಾಲು ಹೆಚ್ಚಾದ ಚಹಾದಂತಿದ್ದರೆ ನೀರು ಸೇರಿದೆ, ಗಾಬರಿಯಾಗಬೇಕಿಲ್ಲ, ಬಿಚ್ಚಿ ಒಣಗಿಸಿದರೆ ಸಾಕು. ತೆಳ್ಳಗೆ ಹರಿದು ಬಂದರೆ ಬಹಳ ಒಳ್ಳೆಯದು. ಏನೂ ಬಾರದೆ ಬೋಲ್ಟಿನ ತುದಿಗೆ ಇದ್ದಿಲಿನಂಥ ಪುಡಿ ಹತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಒಳಗಿನ ಯಾವ ಭಾಗವೂ ಕೂಲಿಗೆ ಬಾಳುವುದಿಲ್ಲ.

ಆಯಿಲ್ ದ್ರವವಾಗಿಯೇ ಉಳಿದಿದೆ ಎಂದುಕೊಳ್ಳೋಣ. ಆಗ ಇಂಜಿನ್ನಿನ ತಲೆಯ ಮೇಲಿನ ಹೆಡ್ ಕವರ್ ತೆಗೆದು, ಟೈಮಿಂಗ್ ಚೈನು ಜಾರುವ ಪಟ್ಟಿಯನ್ನು, ಅಂದರೆ ಗೈಡನ್ನು, ನೋಡಿ. ಅದರ ರಬ್ಬರು ಅಥವಾ ನೈಲಾನ್ ಮೈ ಗಾಜಿನಂತೆ ಗಡುಸಾಗದೆ, ಜೋಲದೆ ಇದ್ದರೆ ಇಂಜಿನ್ನಿನ ಒಳಗೆ ಬೆಂಕಿಯ ಕಾವು ಇಳಿದಿಲ್ಲವೆಂದು ತಿಳಿಯಬಹುದು. ಅಡಿಯಲ್ಲಿದ್ದ ಸುಮಾರು ಒಂದು ಲೀಟರ್ ಆಯಿಲ್ ಕಾವನ್ನು ತಾನೇ ಹೀರಿಕೊಂಡು ಕ್ರ್ಯಾಂಕ್, ಗೇರು, ಗೇರ್ ಶಾಫ್ಟ್‌ಗಳನ್ನು ಕಾಪಾಡಿರುವುದನ್ನು ನಾನು ಹಲವು ಗಾಡಿಗಳಲ್ಲಿ ಕಂಡಿದ್ದೇನೆ.

ಆದರೂ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಲೇಬೇಕು. ತಿಕ್ಕಿ ಹೊಳಪಾದ ಉಕ್ಕು 220–230 ಡಿಗ್ರಿಗೆ ಒಣಹುಲ್ಲಿನ ಬಣ್ಣಕ್ಕೆ, 280ರ ಸುಮಾರಿಗೆ ನೇರಳೆಗೆ, 300ಕ್ಕೆ ನೀಲಿಗೆ ತಿರುಗಿ, ಅದರಾಚೆ ಬೂದಿಯ ಬಣ್ಣಕ್ಕೆ ಬರುತ್ತದೆ. ಬಾಲ್ ಬೇರಿಂಗಿನ ಉಕ್ಕನ್ನು ಸಾಮಾನ್ಯವಾಗಿ 150–200 ಡಿಗ್ರಿಯಲ್ಲಿ ಹದ ಮಾಡಿರುತ್ತಾರೆ, ಆದ್ದರಿಂದ ಕಾವಿನ ಬಣ್ಣ ಕಂಡ ಬೇರಿಂಗ್ ಗಡಸುತನ ಕಳೆದುಕೊಂಡಂತೆಯೇ ಲೆಕ್ಕ. ಇಲ್ಲಿ ಹೊಸಬರು ಮೋಸ ಹೋಗುವುದು ಹಳೆಯ ಆಯಿಲಿನ ಕಂದು ಪೊರೆಯನ್ನು ಕಂಡು. ಥಿನ್ನರ್ ಹಚ್ಚಿದ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ: ಬಣ್ಣ ಬಿಟ್ಟರೆ ಅದು ಆಯಿಲ್, ಬಿಡದಿದ್ದರೆ ಬೆಂಕಿ. ಅನುಮಾನ ಉಳಿದರೆ ಗೇರಿನ ಹಲ್ಲಿನ ಪಕ್ಕದ, ಕೆಲಸಕ್ಕೆ ಬಾರದ ಅಂಚಿಗೆ ಸಣ್ಣ ಅರವನ್ನು ಆಡಿಸಿ. ಹದವಿರುವ ಉಕ್ಕಿನ ಮೇಲೆ ಅರ ಗಾಜಿನ ಮೇಲಿನಂತೆ ಜಾರುತ್ತದೆ. ಕಚ್ಚಿಕೊಂಡು ಪುಡಿ ಉದುರಿಸಿದರೆ ಆ ಗೇರನ್ನು ಬದಿಗಿಡಿ.

ಹೆಡ್ ಮತ್ತು ಬೋರಿನ ಬಗ್ಗೆ ನನಗೆ ಅಷ್ಟು ಆಸೆಯಿಲ್ಲ. ಅವು ಕಾರ್ಬೊರೇಟರಿಗೆ ಅಂಟಿಕೊಂಡಂತೆಯೇ ಇರುವಂಥವು, ಸಾಲದ್ದಕ್ಕೆ ಕಾದ ಲೋಹಕ್ಕೆ ಒಮ್ಮೆಲೇ ತಣ್ಣೀರು ಬಿದ್ದಿದೆ. ಬೋರಿನ ಒಳಗಿನ ಎರಕದ ಕಬ್ಬಿಣದ ಕೊಳವೆಗಿಂತ (ಸ್ಲೀವ್) ಹೊರಗಿನ ಅಲ್ಯೂಮಿನಿಯಂ ಹೆಚ್ಚು ಕಡಿಮೆ ಎರಡರಷ್ಟು ಹಿಗ್ಗುವುದರಿಂದ ವಿಪರೀತ ಕಾವಿನಲ್ಲಿ ಅವೆರಡರ ಹಿಡಿತ ಸಡಿಲವಾಗುತ್ತದೆ. ಪರೀಕ್ಷಿಸಲೇಬೇಕೆಂದಿದ್ದರೆ ಹೆಡ್ಡನ್ನು ದಪ್ಪ ಗಾಜಿನ ಹಲಗೆಯ ಮೇಲೆ ಮಗುಚಿಟ್ಟು ಸುತ್ತಲೂ 0.05 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡಿ. ಸರಾಗವಾಗಿ ಹೋದರೆ ಮಟ್ಟ ತಪ್ಪಿದೆ. ಬಿರುಕು ಹುಡುಕಲು ಹಳಬರ ಉಪಾಯವೇ ಸಾಕು: ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗಿನ ಎಣ್ಣೆ ಮೇಲೆದ್ದು ಬಿಳಿಯ ಮೇಲೆ ಕೂದಲಿನಷ್ಟು ತೆಳ್ಳಗಿನ ಒದ್ದೆ ಗೆರೆ ಮೂಡುತ್ತದೆ. ಇಂಜಿನ್ನಿನ ಎಡಗಡೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಕಾವಿಗೆ ಶಕ್ತಿ ಕಳೆದುಕೊಂಡಿರಬಹುದು. ಸ್ಪ್ಯಾನರ್ ಹಿಡಿದು, ತಮ್ಮನ ಗಾಡಿಯದು ಎಳೆದಷ್ಟೇ ಬಿರುಸಾಗಿ ಇದೂ ಎಳೆಯುತ್ತದೆಯೇ ಎಂದು ಹೋಲಿಸಿ. ಆಯಿಲ್ ಸೀಲು, ಪ್ಯಾಕಿಂಗು, ಪಿಸ್ಟನ್ ರಿಂಗು, ಕ್ಲಚ್ ಪ್ಲೇಟುಗಳಿಗೆ ಯಾವ ಪರೀಕ್ಷೆಯೂ ಬೇಡ, ಹೊಸದೇ ಆಗಬೇಕು.

ಸ್ಪ್ರಿಂಗುಗಳನ್ನು ನಾನು ಎಂದೂ ಉಳಿಸಿಕೊಳ್ಳುವುದಿಲ್ಲ. ಹಿಂದೊಮ್ಮೆ ಬಳ್ಳಾರಿಯ ಗುಜರಿಯಿಂದ ತಂದ, ತಿಕ್ಕಿ ಬಣ್ಣ ಬಳಿದಿದ್ದ ಶಾಕ್ ಅಬ್ಸರ್ಬರನ್ನು ಗ್ರಾಹಕರೊಬ್ಬರ ಗಾಡಿಗೆ ಹಾಕಿಕೊಟ್ಟೆ. ಇಬ್ಬರು ಕೂತೊಡನೆ ಅದು ಕುಸಿದದ್ದು ಮತ್ತೆ ಏಳಲಿಲ್ಲ. ಬಣ್ಣ ಕೆರೆದು ನೋಡಿದಾಗ ಅಡಿಯಲ್ಲಿ ಬೆಂಕಿಯ ಬೂದು ಮೈ ಇತ್ತು. ನಿಮ್ಮ ಗಾಡಿಯ ಹಿಂದಿನ ಶಾಕ್ ಅಬ್ಸರ್ಬರುಗಳ ಒಳಗೆ ಆಯಿಲೂ, ಕೆಲವು ಮಾದರಿಗಳಲ್ಲಿ ಒತ್ತಡದ ಅನಿಲವೂ ಇರುವುದರಿಂದ ಅವುಗಳನ್ನು ಬಡಿಯುವುದು, ಕತ್ತರಿಸುವುದು, ಕಾಯಿಸುವುದು ಬೇಡ. ಪೆಟ್ರೋಲ್ ಟ್ಯಾಂಕಿಗೂ ಗ್ಯಾಸ್ ಕಟ್ಟರ್ ಹಿಡಿಸಬೇಡಿ. ಖಾಲಿಯಾಗಿ ಕಾಣುವ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುತ್ತದೆ.

ಚಾಸಿಸ್ ಮತ್ತು ಇಂಜಿನ್ ಕೇಸ್ ಎರಡನ್ನೂ ತಮ್ಮನ ಗಾಡಿಗೆ ಸಾಗಿಸಬೇಡಿ ಎನ್ನುವುದು ನನ್ನ ಸಲಹೆ. ಇಂಜಿನ್ ನಂಬರ್ ಕೆತ್ತಿರುವುದು ಕೇಸಿನ ಮೇಲೆ. ಅದು ಬದಲಾದರೆ ತಮ್ಮನ ಆರ್‌ಸಿಯಲ್ಲಿಯೂ ಆರ್‌ಟಿಒ ಮೂಲಕ ಬದಲಾವಣೆ ಆಗಬೇಕು. ಒಳಗಿನ ಕ್ರ್ಯಾಂಕ್, ಗೇರುಗಳನ್ನಷ್ಟೇ ಹಾಕಿಸಿದರೆ ಆ ತಾಪತ್ರಯವಿಲ್ಲ. ಸುಟ್ಟ ಗಾಡಿಯ ಆರ್‌ಸಿಯನ್ನು ಗುಜರಿಯವರಿಗೆ ಕೊಡಕೂಡದು. ಬಳಕೆಗೆ ಬಾರದಂತೆ ನಾಶವಾದ ವಾಹನದ ವಿಷಯವನ್ನು 14 ದಿನಗಳೊಳಗೆ, ಇಲ್ಲವೇ ಆದಷ್ಟು ಬೇಗ, ವಾಸಸ್ಥಳದ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಹಾಗೆ ಮಾಡದೆ ಕೊಟ್ಟ ಕೆಎ-36 ನಂಬರು ನಾಳೆ ಯಾವುದೋ ಕದ್ದ ಗಾಡಿಯ ಮೇಲೆ ಓಡಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಆರ್‌ಸಿ ರದ್ದಾದ ಮೇಲೆ ಉಳಿದದ್ದನ್ನು ತೂಕಕ್ಕೆ ಹಾಕಿ, ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ಬೇರೆ ಬೇರೆಯಾಗಿ ತೂಗಿಸಿ.

ಪ್ರಶ್ನೆ: ಕೊಪ್ಪಳದಲ್ಲಿ ನನ್ನ ಬೈಕು ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟಿದೆ. ಫುಲ್ ಇನ್ಶೂರೆನ್ಸ್ ಇದೆ. ಸರ್ವೇಯರ್ ಬರುವ ಮುನ್ನ ಒಳ್ಳೆಯ ಭಾಗಗಳನ್ನು ತೆಗೆದಿಟ್ಟುಕೊಳ್ಳಬಹುದೇ?

ಉತ್ತರ: ಒಂದು ನಟ್ಟನ್ನೂ ಬಿಚ್ಚಬೇಡಿ. ಬೆಂಕಿ ಎಲ್ಲಿ ಹುಟ್ಟಿತು ಎಂಬುದನ್ನು ಸರ್ವೇಯರ್ ಸುಟ್ಟ ಸ್ಥಿತಿಯಲ್ಲಿಯೇ ನೋಡಬೇಕಾಗುತ್ತದೆ. ರಿಪೇರಿಯ ಅಂದಾಜು ಪಾಲಿಸಿಯಲ್ಲಿ ಬರೆದಿರುವ ಐಡಿವಿಯ (ವಿಮೆಗೆ ಗಾಡಿಗೆ ಕಟ್ಟಿದ ಬೆಲೆಯ) ಶೇ 75ನ್ನು ಮೀರಿದರೆ ಗಾಡಿಯನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ. ಆಗ ಅವಶೇಷವನ್ನು ನೀವೇ ಇಟ್ಟುಕೊಳ್ಳಲು ಕೇಳಬಹುದು; ಅದರ ಬೆಲೆಯನ್ನು ಪರಿಹಾರದಲ್ಲಿ ಮುರಿದುಕೊಳ್ಳುತ್ತಾರೆ. ಭಾಗಗಳಿಗಾಗಿ ಇಟ್ಟುಕೊಳ್ಳುವುದು ಲಾಭವೇ ಎಂಬುದನ್ನು ಆ ಮೊತ್ತ ಗೊತ್ತಾದ ಮೇಲೆ ಲೆಕ್ಕ ಹಾಕಿ.

ಪ್ರಶ್ನೆ: ಸಿರುಗುಪ್ಪದಲ್ಲಿ ನನ್ನದು ಸಣ್ಣ ಗ್ಯಾರೇಜು. ಅರ್ಧ ಸುಟ್ಟ ಬ್ಯಾಟರಿ ಸ್ಕೂಟರೊಂದು ಬಂದಿದೆ. ಬ್ಯಾಟರಿಯೊಳಗೆ ಸುಡದೆ ಉಳಿದ ಸೆಲ್‌ಗಳನ್ನು ತೆಗೆದು ಬಳಸಬಹುದೇ?

ಉತ್ತರ: ಬಳಸಬಾರದು. ಪಕ್ಕದ ಸೆಲ್‌ಗಳ ಬೆಂಕಿಗೆ ಕಾದ ಲಿಥಿಯಂ ಸೆಲ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ತೆಳು ಪೊರೆ ಕುಗ್ಗಿರುತ್ತದೆ, ಹಾಗಾಗಿ ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಆ ಸ್ಕೂಟರನ್ನು ಇಂದೇ ಅಂಗಡಿಯಿಂದ ಹೊರಗೆ ತಳ್ಳಿ, ಗೋಡೆ, ಟೈರು, ಬೇರೆ ಗಾಡಿಗಳಿಂದ ದೂರದಲ್ಲಿ ಬಯಲಿನಲ್ಲಿ ನೆರಳು ಮಾಡಿ ನಿಲ್ಲಿಸಿ, ಮಾರಾಟಗಾರರಿಗೆ ತಿಳಿಸಿ ಅವರೇ ಬಂದು ಬ್ಯಾಟರಿ ಒಯ್ಯುವಂತೆ ಮಾಡಿ.