ಎದೆ ಡವಡವ, ನಿದ್ದೆ ಇಲ್ಲ: ಕಾರಣ ಆಫೀಸಾ, ಕಷಾಯಾನಾ?

ಹೆಸರು, ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಇವರನ್ನು ಸ್ಮಿತಾ ಅಂತಿಟ್ಟುಕೊಳ್ಳೋಣ. ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಇಂಜಿನಿಯರ್. ವಿಡಿಯೋ ಕಾಲ್‌ನಲ್ಲಿ ಮಾತು ಶುರುವಾಗಿದ್ದು ಆತಂಕದಿಂದ. ರಾತ್ರಿ ಎರಡಾದರೂ ನಿದ್ದೆ ಬರಲ್ಲ, ಎದೆ ಹೊಡ್ಕೊಳ್ಳುತ್ತೆ, ಕೈ ನಡುಗುತ್ತೆ, ಆಫೀಸ್ ಟೆನ್ಷನ್ ಇರಬೇಕು ಮೇಡಂ ಅಂದರು. ಮಾತ್ರೆ, ಕಾಫಿ, ಕಷಾಯ ಏನೇನು ತಗೊಳ್ತೀರಿ ಅಂತ ಕೇಳಿದೆ. ಆಗ ಕಾಲಿನ ವಿಷಯ ಬಂತು.

ಮೇಲೆ ತೆಳ್ಳಗೆ, ತೊಡೆ ದಪ್ಪ. ಕೊರಿಯಾದಲ್ಲಿ ಇದಕ್ಕೆ ‘ಹಾಚೆ ಬಿಮಾನ್’ ಅಂತ ಹೆಸರೇ ಇದೆ, ಸಾಂಪ್ರದಾಯಿಕ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆಯೂ ಇದೆ. ವೈದ್ಯರು ನಾಡಿ ಹಿಡಿದು, ನಾಲಿಗೆ ನೋಡಿ, ಸೊಂಟದ ಕೆಳಗೆ ರಕ್ತ, ನೀರು ಹರಿಯದೆ ನಿಂತಿದೆ, ನಿಮ್ಮದು ‘ತೇಉಮ್’ ದೇಹ ಅಂದರಂತೆ. ಇದು ಇ ಜೆ-ಮಾ ಎಂಬ ವೈದ್ಯರು 1894ರಲ್ಲಿ ಬರೆದಿಟ್ಟ ನಾಲ್ಕು ದೇಹಪ್ರಕೃತಿಗಳಲ್ಲಿ ಒಂದು. ವಾತ ಪಿತ್ತ ಕಫ ಕೇಳುತ್ತ ಬೆಳೆದ ನಮಗೆ ಇಂಥದ್ದು ಬೇಗ ನಂಬಿಕೆ ಹುಟ್ಟಿಸುತ್ತೆ, ಅಲ್ವಾ? ತೊಡೆಗೆ ಕರೆಂಟ್ ಹಾಯಿಸುವ ಸೂಜಿ, ಚರ್ಮಕ್ಕೆ ಬಟ್ಟಲು ಅಂಟಿಸಿ ಎಳೆಯುವ ಕಪ್ಪಿಂಗ್, ಜೊತೆಗೆ ಪೌಚ್‌ಗಳಲ್ಲಿ ಕಷಾಯ.

ಸೂಜಿಯಿಂದ ತೊಡೆಯ ಕೊಬ್ಬು ಮಾತ್ರ ಕರಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ನನಗೆ ಅನುಮಾನ ಬಂದಿದ್ದು ಕಷಾಯದ ಮೇಲೆ. ಅಲ್ಲಿನ ತೂಕ ಇಳಿಸುವ ಕಷಾಯಗಳಲ್ಲಿ ಮಾಹ್ವಾಂಗ್ ಎಂಬ ಗಿಡಮೂಲಿಕೆ ಬಹಳ ಸಾಮಾನ್ಯ. ಅದರಲ್ಲಿ ಎಫೆಡ್ರಿನ್ ಎಂಬ ಉತ್ತೇಜಕ ಇರುತ್ತೆ. ಹಸಿವು ಸಾಯುತ್ತೆ ನಿಜ, ಆದರೆ ನಿದ್ದೆ ಹಾರಿಹೋಗಬಹುದು, ಎದೆಬಡಿತ, ಬಿಪಿ ಏರಬಹುದು. ಅಮೆರಿಕದಲ್ಲಿ 2004ರಲ್ಲೇ ಪೂರಕ ಆಹಾರಗಳಲ್ಲಿ ಇದನ್ನು ನಿಷೇಧಿಸಿದ್ದಾರೆ. ಕೊರಿಯಾದಲ್ಲಿ ಸಾಂಪ್ರದಾಯಿಕ ವೈದ್ಯರು ಬರೆದುಕೊಡಬಹುದು. ಸ್ಮಿತಾ ಇದರ ಜೊತೆ ಥೈರಾಯ್ಡ್ ಮಾತ್ರೆ ನುಂಗಿ, ದಿನವಿಡೀ ಕಾಫಿ ಕುಡೀತಿದ್ದರು! ಥೈರಾಯ್ಡ್ ವಿಷಯ ಕ್ಲಿನಿಕ್‌ನಲ್ಲಿ ಹೇಳಿರಲೇ ಇಲ್ಲ.

ನಾನು ಡಾಕ್ಟರ್ ಅಲ್ಲ. ಹಾಗಾಗಿ ಹೇಳಿದ್ದು ಇಷ್ಟೇ. ಇನ್ನೊಂದು ಪೌಚ್ ಒಡೆಯೋ ಮೊದಲು ಆ ವೈದ್ಯರಿಗೆ ಫೋನ್ ಮಾಡಿ, ಮಾಹ್ವಾಂಗ್ ಇದೆಯಾ, ಎಷ್ಟಿದೆ ಅಂತ ಕೇಳಿ, ಥೈರಾಯ್ಡ್ ವಿಷಯ ತಿಳಿಸಿ. ಥೈರಾಯ್ಡ್ ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ ಕಾಯಬೇಡಿ, ಅಲ್ಲಿನ ತುರ್ತು ನಂಬರ್ 119ಕ್ಕೆ ಕರೆ ಮಾಡಿ. ಕಾಲನ್ನೂ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಎರಡೂ ಕಾಲು ಒಂದೇ ಸಮ ದಪ್ಪ, ಪಾದ ಮಾತ್ರ ಮಾಮೂಲು, ಒತ್ತಿದರೆ ನೋವು, ಸುಮ್ನೆ ತಾಗಿದರೂ ನೀಲಿಗಟ್ಟುತ್ತೆ ಅಂದರೆ ಕಾಲಲ್ಲಿ ಕೊಬ್ಬು ಅಸಹಜವಾಗಿ ಸೇರುವ ಲಿಪಿಡೀಮಾ ಎಂಬ ಕಾಯಿಲೆ ಇರಬಹುದು, ಅದು ಡಯಟ್‌ಗೆ ಅಷ್ಟಾಗಿ ಬಗ್ಗಲ್ಲ. ಒಂದೇ ಕಾಲು ದಿಢೀರ್ ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಹೋಗಿ. ಇವೇನೂ ಇಲ್ಲ ಅಂದರೆ, ತೊಡೆಯ ಕೊಬ್ಬು ಹೊಟ್ಟೆಯ ಕೊಬ್ಬಿನಷ್ಟು ಅಪಾಯ ಅಲ್ಲ.

ಮಾಹ್ವಾಂಗ್ ಇತ್ತು. ವಿಷಯ ತಿಳಿದ ವೈದ್ಯರೇ ಕಷಾಯ ನಿಲ್ಲಿಸಿದರು, ನಿದ್ದೆ ಮರಳಿತು. ಆದರೆ ಊರಿಗೆ ಹೋದಾಗ ಚಿಕ್ಕಮ್ಮ ಎಲ್ಲರೆದುರು ಅವರ ಕಾಲಿನ ಬಗ್ಗೆ ಆಡಿದ ಮಾತು ಇನ್ನೂ ಅವರನ್ನು ಚುಚ್ಚುತ್ತಿದೆ. ಈಗ ನಮ್ಮ ಭೇಟಿಗಳಲ್ಲಿ ಮಾತಾಡುತ್ತಿರುವುದು ಅದರ ಬಗ್ಗೆ.